ಗೋಣಿಚೀಲದ ಹಿಂದಿನ ಬ್ಯಾಕ್ಟೀರಿಯಗಳು: ಅಂಟನ್ನು ತಿಂದು ನಾರನ್ನು ಬಿಡುವ ಬಗೆ

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ನಿತ್ಯ ವ್ಯವಹರಿಸುವ ವರ್ತಕರಿಗೆ ಗೋಣಿಚೀಲದ ಗುಣದೋಷಗಳನ್ನು ಹೇಳಿಕೊಡುವ ಅಗತ್ಯವಿಲ್ಲ. ಚೀಲವನ್ನು ಕೈಗೆತ್ತಿಕೊಂಡು, ಹೊಲಿಗೆಯ ಅಂಚನ್ನು ಎಳೆದು ನೋಡಿದ ಮಾತ್ರಕ್ಕೆ ಅದು ಎಷ್ಟು ಸಲ ಭಾರ ಹೊರಬಲ್ಲದೆಂಬುದನ್ನು ಅನುಭವಸ್ಥರು ಹೇಳಿಬಿಡುತ್ತಾರೆ. ಆದರೆ ಒಂದೇ ತೂಕದ, ಒಂದೇ ನೇಯ್ಗೆಯ ಎರಡು ಕಟ್ಟುಗಳಲ್ಲಿ ಒಂದು ಗಟ್ಟಿಮುಟ್ಟಾಗಿದ್ದು, ಇನ್ನೊಂದು ಹಮಾಲರ ಕೊಕ್ಕೆ ತಗುಲಿದೊಡನೆ ಹರಿದುಹೋಗುವುದೇಕೆ ಎಂದು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ನಾರು ಸರಿಯಿಲ್ಲ. ದಾಸ್ತಾನಿನಲ್ಲಿ ತೇವ ತಗುಲಿದ ಚೀಲಗಳ ಮಾತನ್ನು ಬದಿಗಿಟ್ಟು, ನಾರು ಏಕೆ ಸರಿಯಿಲ್ಲವೆಂದು ಹುಡುಕುತ್ತ ಹೊರಟರೆ ಆ ಜಾಡು ಗಿರಣಿಯನ್ನು ದಾಟಿ, ಕಚ್ಚಾ ನಾರಿನ ಮಂಡಿಯನ್ನು ದಾಟಿ, ಬಂಗಾಳದ ಯಾವುದೋ ಹಳ್ಳಿಯ ಹೊಂಡದ ದಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಸೆಣಬಿನ ಗಿಡದ ಕಟ್ಟುಗಳನ್ನು ಮೂರು ವಾರಗಳ ಕಾಲ ನೀರಿನಲ್ಲಿ ಕೊಳೆಹಾಕಿದಾಗ ಬ್ಯಾಕ್ಟೀರಿಯಗಳು ಮಾಡಿದ ಕೆಲಸವೇ ಚೀಲದ ಬಲವನ್ನು ಬಹುಮಟ್ಟಿಗೆ ನಿರ್ಧರಿಸಿರುತ್ತದೆ.

ಗಟ್ಟಿಯಾದ ಸಸ್ಯವಸ್ತುವನ್ನು ಒಡೆಯುವ ಬ್ಯಾಕ್ಟೀರಿಯಗಳ ಕುರಿತು ಇತ್ತೀಚಿನ ವರ್ಷಗಳಲ್ಲಿ ಉದ್ಯಮವಲಯದಲ್ಲಿ ಬಹಳ ಮಾತು ಕೇಳಿಬರುತ್ತಿದೆ. ಕಾಂಪೋಸ್ಟ್ ಪುಡಿ, ನಾರು ಬಿಡಿಸುವ ಪುಡಿ, ಬಟ್ಟೆ ತೊಳೆಯುವ ಕಿಣ್ವ ಎಂದೆಲ್ಲ ಪೊಟ್ಟಣಗಳೂ ಡಬ್ಬಿಗಳೂ ಮಾರಾಟಕ್ಕೆ ಬರುತ್ತಿವೆ. ಮಾರುವವರು 'ಎಲ್ಲವನ್ನೂ ಕರಗಿಸುತ್ತದೆ' ಎಂಬುದನ್ನೇ ದೊಡ್ಡ ಗುಣವೆಂದು ಹೇಳುವುದುಂಟು. ನಾರಿನ ವ್ಯಾಪಾರದಲ್ಲಿ ಅದು ಗುಣವಲ್ಲ, ದೋಷ. ಯಾವ ಬ್ಯಾಕ್ಟೀರಿಯ ಏನನ್ನು ತಿನ್ನುತ್ತದೆ ಎಂಬುದಕ್ಕಿಂತ ಏನನ್ನು ತಿನ್ನದೆ ಬಿಡುತ್ತದೆ ಎಂಬುದೇ ಇಲ್ಲಿ ಹಣದ ಪ್ರಶ್ನೆ. ಇದನ್ನು ತಿಳಿಯಲು ಮೊದಲು ಗಿಡದ ಕಾಂಡದೊಳಗಿನ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕಾಂಡದೊಳಗೆ ಏನಿದೆ?

ಸಸ್ಯದ ಗಟ್ಟಿಭಾಗವನ್ನು ಕಟ್ಟಡಕ್ಕೆ ಹೋಲಿಸಬಹುದು. ಕಬ್ಬಿಣದ ಸರಳಿನ ಜಾಗದಲ್ಲಿ ಸೆಲ್ಯುಲೋಸ್ ಎಂಬ ವಸ್ತುವಿದೆ. ಸಕ್ಕರೆಯ ಸಾವಿರಾರು ಅಣುಗಳು ಸರಪಣಿಯಂತೆ ಜೋಡಿಕೊಂಡು, ಆ ಸರಪಣಿಗಳು ಒತ್ತೊತ್ತಾಗಿ ಸೇರಿ ಆದ ಎಳೆ ಅದು. ನಾರಿನ ಎಳೆತದ ಬಲವೆಲ್ಲ ಬರುವುದು ಇದರಿಂದಲೇ. ಸರಳುಗಳ ಸುತ್ತ ಹೆಣೆದುಕೊಂಡಿರುವುದು ಹೆಮಿಸೆಲ್ಯುಲೋಸ್. ಇವೆರಡರ ಸಂದಿಯಲ್ಲಿ ಕಾಂಕ್ರೀಟಿನಂತೆ ತುಂಬಿ ಬಿಗಿತ ಕೊಡುವುದು ಲಿಗ್ನಿನ್. ಇನ್ನು ಒಂದು ಜೀವಕೋಶವನ್ನು ಪಕ್ಕದ ಜೀವಕೋಶಕ್ಕೆ, ಒಂದು ನಾರಿನ ಕಂತೆಯನ್ನು ಅದರ ಸುತ್ತಲಿನ ತೊಗಟೆಗೆ ಅಂಟಿಸಿ ಹಿಡಿದಿರುವ ಗಾರೆಯೇ ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗಿ ನಿಲ್ಲುವುದು ಈ ಪೆಕ್ಟಿನ್‌ನಿಂದ. ಹಣ್ಣಿನಲ್ಲಿ ಜೆಲ್ಲಿ ಕಟ್ಟುವ ವಸ್ತುವೇ ಕಾಂಡದಲ್ಲಿ ನಾರನ್ನು ಸೆರೆಹಿಡಿದಿಟ್ಟುಕೊಂಡಿರುತ್ತದೆ.

ಸೆಣಬಿನ ನಾರಿನಲ್ಲಿ ಸುಮಾರು ಶೇ. 60ರಷ್ಟು ಸೆಲ್ಯುಲೋಸ್, ಶೇ. 20ಕ್ಕೂ ಹೆಚ್ಚು ಹೆಮಿಸೆಲ್ಯುಲೋಸ್, ಶೇ. 12ರ ಆಸುಪಾಸಿನಲ್ಲಿ ಲಿಗ್ನಿನ್ ಇರುತ್ತವೆ. ತೆಂಗಿನ ನಾರಿನ ಲೆಕ್ಕವೇ ಬೇರೆ. ಅದರಲ್ಲಿ ಸೆಲ್ಯುಲೋಸ್ ಶೇ. 43ರಷ್ಟಿದ್ದರೆ ಲಿಗ್ನಿನ್ ಶೇ. 45ರಷ್ಟಿದೆ. ತೆಂಗಿನ ಹಗ್ಗ ಉಪ್ಪುನೀರಿನಲ್ಲಿಯೂ ಬೇಗ ಕೊಳೆಯದಿರುವುದಕ್ಕೆ, ಅದೇ ನಾರು ಸೆಣಬಿನಷ್ಟು ನಯವಾಗಿ ನೂಲಾಗದಿರುವುದಕ್ಕೆ ಈ ಲಿಗ್ನಿನ್ ಮುಖ್ಯ ಕಾರಣ.

ಬ್ಯಾಕ್ಟೀರಿಯಕ್ಕೆ ಬಾಯಿಯಿಲ್ಲ. ಅದು ತನ್ನ ಮೈಯಿಂದ ಕಿಣ್ವಗಳೆಂಬ ಪದಾರ್ಥಗಳನ್ನು ಹೊರಕ್ಕೆ ಸೂಸುತ್ತದೆ. ಕಿಣ್ವವು ಹೊರಗಿನ ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ. ಕರಗಿದ ಆ ತುಂಡುಗಳನ್ನು ಬ್ಯಾಕ್ಟೀರಿಯ ಹೀರಿಕೊಳ್ಳುತ್ತದೆ. ಒಂದು ಬೀಗಕ್ಕೆ ಒಂದೇ ಬೀಗದ ಕೈ ಎಂಬಂತೆ ಒಂದು ಕಿಣ್ವ ಒಂದು ಬಗೆಯ ಬೆಸುಗೆಯನ್ನಷ್ಟೇ ಕತ್ತರಿಸಬಲ್ಲದು. ಪೆಕ್ಟಿನ್ ಕತ್ತರಿಸುವ ಕಿಣ್ವ ಪೆಕ್ಟಿನೇಸ್, ಹೆಮಿಸೆಲ್ಯುಲೋಸಿನ ಒಂದು ಭಾಗವನ್ನು ಕತ್ತರಿಸುವುದು ಕ್ಸೈಲನೇಸ್, ಸೆಲ್ಯುಲೋಸನ್ನು ಕತ್ತರಿಸುವುದು ಸೆಲ್ಯುಲೇಸ್. ಯಾವ ಬ್ಯಾಕ್ಟೀರಿಯದ ಬಳಿ ಯಾವ ಕೈಗಳ ಗೊಂಚಲಿದೆ ಎಂಬುದರ ಮೇಲೆ ಅದರ ಉಪಯೋಗ ನಿಂತಿದೆ. ಹಸುವಿನ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವ ರೂಮಿನೊಕಾಕಸ್, ಫೈಬ್ರೊಬ್ಯಾಕ್ಟರ್ ಮೊದಲಾದವು ಸೆಲ್ಯುಲೋಸನ್ನೇ ತಿನ್ನುವಂಥವು. ಕ್ಲಾಸ್ಟ್ರಿಡಿಯಂ ಥರ್ಮೊಸೆಲ್ಲಂ ಎಂಬ, ಬಿಸಿಯಲ್ಲಿ ಬದುಕುವ ಬ್ಯಾಕ್ಟೀರಿಯ ಹತ್ತಾರು ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿಟ್ಟುಕೊಂಡು ಸೆಲ್ಯುಲೋಸಿನ ಮೇಲೆ ಏರಿಹೋಗುತ್ತದೆಂಬುದು 1983ರಲ್ಲಿ ಬೆಳಕಿಗೆ ಬಂತು. ಹುಲ್ಲು, ತೌಡು, ಕಬ್ಬಿನ ಸಿಪ್ಪೆಗಳಿಂದ ಇಂಧನ ತೆಗೆಯಹೊರಟವರಿಗೆ ಇವು ಬೇಕಾದವು. ಗೋಣಿಯ ವ್ಯಾಪಾರಕ್ಕೆ ಇವು ಶತ್ರುಗಳು.

ಈ ಭೇದವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಸೆಣಬಿನ ನಾಡಿನಲ್ಲಲ್ಲ, ರಷ್ಯಾದಲ್ಲಿ. ನಮ್ಮಲ್ಲಿ ಎಣ್ಣೆಗಾಗಿ ಬೆಳೆಯುವ ಅಗಸೆಯನ್ನು ಯೂರೋಪಿನ ತಂಪು ಪ್ರದೇಶಗಳಲ್ಲಿ ನಾರಿಗಾಗಿ ಬೆಳೆಯುತ್ತಾರೆ. ಲಿನನ್ ಬಟ್ಟೆ ಅದರದೇ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸರ್ಗೇಯ್ ವಿನೊಗ್ರಾಡ್‌ಸ್ಕಿ ಮತ್ತು ಅವರ ಸಹಾಯಕರು ಅಗಸೆಯನ್ನು ಕೊಳೆಹಾಕಿದ ನೀರಿನಿಂದ ಗಾಳಿಯಿಲ್ಲದೆ ಬದುಕುವ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅದು ಪೆಕ್ಟಿನ್ನನ್ನು ಹುಳಿಯಿಸುತ್ತಿತ್ತು, ಸೆಲ್ಯುಲೋಸನ್ನು ಮುಟ್ಟುತ್ತಿರಲಿಲ್ಲ. ಕೊಳೆಹಾಕುವುದೆಂದರೆ ಗಿಡವನ್ನು ಹೇಗೋ ಒಂದು ರೀತಿಯಲ್ಲಿ ಹಾಳುಗೆಡವುವುದಲ್ಲ, ಆಯ್ದ ಒಂದು ವಸ್ತುವನ್ನು ಮಾತ್ರ ತೆಗೆಯುವುದು ಎಂಬ ತಿಳಿವಳಿಕೆಗೆ ಆ ಪ್ರಯೋಗವೇ ಬುನಾದಿ.

ಹೊಂಡದಲ್ಲಿ ಮೂರು ವಾರ

ಸೆಣಬು, ಅಂದರೆ ಜೂಟ್, ಬಹುಪಾಲು ಪಶ್ಚಿಮ ಬಂಗಾಳದಲ್ಲಿಯೂ ಉಳಿದಂತೆ ಅಸ್ಸಾಂ, ಬಿಹಾರಗಳಲ್ಲಿಯೂ ಬೆಳೆಯುವ ಬೆಳೆ. ಬೇಸಿಗೆಯಲ್ಲಿ ಬಿತ್ತಿ ಸುಮಾರು ನಾಲ್ಕು ತಿಂಗಳಿಗೆ, ಮಳೆಗಾಲದ ನಡುವೆ ಕೊಯ್ಯುತ್ತಾರೆ. ಕೊಯ್ದ ಗಿಡಗಳನ್ನು ಕಟ್ಟುಕಟ್ಟಿ ಎರಡು ಮೂರು ದಿನ ಹೊಲದಲ್ಲೇ ನಿಲ್ಲಿಸಿದರೆ ಎಲೆ ಉದುರುತ್ತದೆ. ಅನಂತರ ಕಟ್ಟುಗಳನ್ನು ನೀರಿನಲ್ಲಿ ಪದರಪದರವಾಗಿ ಹರಡಿ, ಮೇಲೆ ಭಾರ ಹೇರಿ ಮುಳುಗಿಸುತ್ತಾರೆ. ನೂರು ಕಿಲೋ ಹಸಿ ಗಿಡದಿಂದ ಕೊನೆಗೆ ದೊರೆಯುವ ನಾರು ಐದಾರು ಕಿಲೋ ಮಾತ್ರ. ಒಂದು ಕ್ವಿಂಟಾಲ್ ನಾರಿಗಾಗಿ ಹದಿನೇಳರಿಂದ ಇಪ್ಪತ್ತು ಕ್ವಿಂಟಾಲ್ ಹಸಿ ಗಿಡವನ್ನು ನೀರಿಗೆ ಸಾಗಿಸಬೇಕಾದುದರಿಂದ ಹೊಂಡ ಹೊಲದ ಬಳಿಯೇ ಇರಬೇಕಾಗುತ್ತದೆ.

ಮೊದಲ ಒಂದೆರಡು ದಿನ ಬ್ಯಾಕ್ಟೀರಿಯಗಳ ಕೆಲಸ ಕಡಿಮೆ. ಕಾಂಡ ನೀರು ಕುಡಿದು ಉಬ್ಬುತ್ತದೆ, ತೊಗಟೆ ಅಲ್ಲಲ್ಲಿ ಬಿರಿಯುತ್ತದೆ, ಒಳಗಿನ ಸಕ್ಕರೆಯೂ ಒಗರು ಪದಾರ್ಥಗಳೂ ನೀರಿಗೆ ಇಳಿಯುತ್ತವೆ. ಆ ಸಕ್ಕರೆಯನ್ನು ಉಂಡು ಗಾಳಿ ಬೇಕಾದ ಬ್ಯಾಕ್ಟೀರಿಯಗಳು, ಮುಖ್ಯವಾಗಿ ಬ್ಯಾಸಿಲಸ್ ವರ್ಗದವು, ಲಕ್ಷೋಪಲಕ್ಷವಾಗಿ ಹೆಚ್ಚುತ್ತವೆ. ಹೆಚ್ಚಿದಂತೆ ನೀರಿನಲ್ಲಿ ಕರಗಿದ್ದ ಆಮ್ಲಜನಕ ಮುಗಿಯುತ್ತದೆ. ಆಗ ಅವುಗಳ ಜಾಗವನ್ನು ಗಾಳಿಯಿಲ್ಲದೆ ಬದುಕಬಲ್ಲ ಕ್ಲಾಸ್ಟ್ರಿಡಿಯಂ ವರ್ಗದ ಬ್ಯಾಕ್ಟೀರಿಯಗಳು ಆಕ್ರಮಿಸುತ್ತವೆ. ಕೊಳೆಹಾಕಿದ ಹೊಂಡದಿಂದ ಏಳುವ ದುರ್ನಾತ ಈ ಹಂತದ್ದು. ಕೆಟ್ಟ ಬೆಣ್ಣೆಯ ವಾಸನೆಯುಳ್ಳ ಬ್ಯುಟಿರಿಕ್ ಆಮ್ಲ ಅದರಲ್ಲಿ ಪ್ರಧಾನ. ಸೊಂಟದವರೆಗಿನ ಆ ನೀರಿನಲ್ಲಿ ನಿಂತು ಕೂಲಿಗಳು ನಾರು ಬಿಡಿಸಬೇಕು. ಒಂದು ಗೋಣಿಚೀಲದ ಬೆಲೆಯಲ್ಲಿ ಈ ಶ್ರಮದ ಪಾಲೆಷ್ಟೆಂಬುದು ಬೇರೆಯೇ ಲೇಖನದ ವಿಷಯ.

ಎರಡೂ ಹಂತದಲ್ಲಿ ಮೊದಲು ಸವೆಯುವುದು ಪೆಕ್ಟಿನ್, ಏಕೆಂದರೆ ಅದು ಸುಲಭದ ಆಹಾರ. ಪೆಕ್ಟಿನ್ ಸವೆದಂತೆ ನಾರಿನ ಪಟ್ಟಿ ಒಳಗಿನ ಕಟ್ಟಿಗೆಯಿಂದ ಸಡಿಲವಾಗುತ್ತದೆ. ನೀರು ನಿಧಾನವಾಗಿ ಹರಿಯುತ್ತಿದ್ದು, ಉಷ್ಣತೆ 34 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹದಿನೆಂಟರಿಂದ ಇಪ್ಪತ್ತೊಂದು ದಿನಗಳಲ್ಲಿ ಹದ ಬರುತ್ತದೆ. ಆ ದಿನ ಕಟ್ಟನ್ನು ಎತ್ತದೆ ಬಿಟ್ಟರೆ ಬ್ಯಾಕ್ಟೀರಿಯಗಳೇನೂ ಉಪವಾಸ ಕೂರುವುದಿಲ್ಲ. ಸುಲಭದ ಆಹಾರ ಮುಗಿದ ಮೇಲೆ ಹೆಮಿಸೆಲ್ಯುಲೋಸಿಗೂ ಅನಂತರ ಸೆಲ್ಯುಲೋಸಿಗೂ ಕೈಹಚ್ಚುವ ಜಾತಿಗಳು ಅದೇ ನೀರಿನಲ್ಲಿವೆ. ನಾರು ನೋಡಲು ಚೆನ್ನಾಗಿಯೇ ಕಾಣುತ್ತದೆ; ಎಳೆದರೆ ತುಂಡಾಗುತ್ತದೆ.

ಕಡಿಮೆ ಕೊಳೆತ ನಾರಿಗೂ ಅತಿಯಾಗಿ ಕೊಳೆತ ನಾರಿಗೂ ಇರುವ ವ್ಯತ್ಯಾಸ ವರ್ತಕರು ಗಮನಿಸತಕ್ಕದ್ದು. ಕಡಿಮೆ ಕೊಳೆತದ್ದರಲ್ಲಿ ತೊಗಟೆಯ ತುಣುಕುಗಳು ಅಂಟಿಕೊಂಡಿರುತ್ತವೆ, ಬುಡ ಕೋಲಿನಂತೆ ಬಿರುಸಾಗಿರುತ್ತದೆ. ಗಿರಣಿಯವರು ಅಂಥ ನಾರಿಗೆ ಎಣ್ಣೆ ನೀರಿನ ಮಿಶ್ರಣ ಸಿಂಪಡಿಸಿ ಕೆಲವು ದಿನ ರಾಶಿಹಾಕುತ್ತಾರೆ. ರಾಶಿಯೊಳಗೆ ಕಾವು ಏರಿ, ಸೂಕ್ಷ್ಮಜೀವಿಗಳು ಮತ್ತೆ ಕೆಲಸ ಆರಂಭಿಸಿ ಬಿರುಸು ತಕ್ಕಮಟ್ಟಿಗೆ ಮೆದುವಾಗುತ್ತದೆ. ಖರ್ಚಾಗುತ್ತದೆ, ಆದರೂ ದಾರಿಯುಂಟು. ಅತಿಯಾಗಿ ಕೊಳೆತ ನಾರಿಗೆ ಯಾವ ಗಿರಣಿಯಲ್ಲಿಯೂ ಔಷಧವಿಲ್ಲ. ಕತ್ತರಿಸಿಹೋದ ಸೆಲ್ಯುಲೋಸಿನ ಸರಪಣಿಯನ್ನು ಮತ್ತೆ ಜೋಡಿಸುವ ವಿದ್ಯೆ ಉದ್ಯಮದ ಕೈಯಲ್ಲಿಲ್ಲ.

ತೊಂದರೆಯೆಂದರೆ ಒಂದೇ ಗಿಡದ ಬುಡ ಮತ್ತು ತುದಿ ಒಂದೇ ದಿನ ಹದಕ್ಕೆ ಬರುವುದಿಲ್ಲ. ಬುಡದ ತೊಗಟೆ ದಪ್ಪ, ತುದಿಯದು ತೆಳು. ಬುಡ ಹದವಾಗುವವರೆಗೆ ಕಾದರೆ ತುದಿ ಸೊರಗುತ್ತದೆ. ತುದಿಯನ್ನು ಉಳಿಸಿಕೊಂಡರೆ ಬುಡ ಬಿರುಸಾಗಿ ಉಳಿಯುತ್ತದೆ. ಬಲ್ಲ ರೈತರು ಇದಕ್ಕೆ ಉಪಾಯ ಮಾಡಿದ್ದಾರೆ. ಕಟ್ಟುಗಳನ್ನು ಮಲಗಿಸುವ ಮೊದಲು ಎರಡು ಮೂರು ದಿನ ಬುಡ ಮಾತ್ರ ನೀರಿನಲ್ಲಿರುವಂತೆ ನಿಲ್ಲಿಸಿ, ಆ ಭಾಗಕ್ಕೆ ಮುಂಗಡ ಕೊಡುತ್ತಾರೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ದಿನವೂ ಒಂದೆರಡು ಕಾಂಡ ಎಳೆದು, ಬುಡದ ಕಡೆ ಒತ್ತಿ ನಾರು ಜಾರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಈ ಎರಡು ಶಿಸ್ತುಗಳಿಗೆ ಪೈಸೆ ಖರ್ಚಿಲ್ಲ. ಆದರೆ ಹೊಂಡ ಬಾಡಿಗೆಯದಾಗಿದ್ದು, ಹಿಂದೆ ಇನ್ನೊಬ್ಬರ ಕಟ್ಟು ಕಾದಿದ್ದು, ಸೆಣಬು ಕೊಯ್ದ ಗದ್ದೆಯಲ್ಲಿ ಭತ್ತದ ನಾಟಿಗೆ ಹೊತ್ತಾಗುತ್ತಿದ್ದರೆ ಶಿಸ್ತು ಪಾಲಿಸುವುದು ಬರೆದಷ್ಟು ಸುಲಭವಲ್ಲ.

ಬಣ್ಣ ಕೆಡುವುದಕ್ಕೂ ಹೊಂಡವೇ ಕಾರಣ. ಕಟ್ಟುಗಳ ಮೇಲೆ ಭಾರಕ್ಕಾಗಿ ಬಾಳೆದಿಂಡು ಮತ್ತು ಹೊಂಡದ ಕೆಸರನ್ನೇ ಹೇರುವ ರೂಢಿ ವ್ಯಾಪಕವಾಗಿದೆ. ದಿಂಡಿನ ಒಗರು ಪದಾರ್ಥ ಮತ್ತು ಕೆಸರಿನ ಕಬ್ಬಿಣ ಸೇರಿದರೆ ಕಪ್ಪು ಬಣ್ಣವಾಗುತ್ತದೆ. ಹಿಂದಿನ ಕಾಲದ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಇದೇ ರಾಸಾಯನಿಕ ಕ್ರಿಯೆಯಿಂದ. ಹೊಂಬಣ್ಣದ ನಾರು ಮಾಸಲು ಕಪ್ಪಾಗಿ ದರ್ಜೆಯಲ್ಲಿ ಇಳಿಯುತ್ತದೆ. ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಭಾರವಾಗಿ ಇಟ್ಟರೆ ಈ ನಷ್ಟ ತಪ್ಪುತ್ತದೆ.

ಕಚ್ಚಾ ಸೆಣಬಿನ ದರ್ಜೆಯನ್ನು ಬಲ, ಬುಡದ ಬಿರುಸು ಭಾಗ, ದೋಷಗಳು, ಬಣ್ಣ, ನಯ, ಸಾಂದ್ರತೆ ಎಂಬ ಅಂಶಗಳಿಂದ ನಿರ್ಧರಿಸುತ್ತಾರೆ. ಇವುಗಳಲ್ಲಿ ಮೊದಲ ನಾಲ್ಕು ಬಹುಮಟ್ಟಿಗೆ ಕೊಳೆಹಾಕುವ ಹಂತದಲ್ಲಿಯೇ ಗೆಲ್ಲುವ ಅಥವಾ ಸೋಲುವ ಅಂಶಗಳು. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಟಿ.ಡಿ.-3 ದರ್ಜೆಯ ಕಚ್ಚಾ ಸೆಣಬಿಗೆ ಕ್ವಿಂಟಾಲಿಗೆ 5,650 ರೂಪಾಯಿಗಳ ಕನಿಷ್ಠ ಬೆಂಬಲ ಬೆಲೆ ಘೋಷಿಸಿತು. ಉಳಿದ ದರ್ಜೆಗಳ ಬೆಲೆ ಇದರ ಮೇಲೆ ಕೆಳಗೆ ನಿಲ್ಲುತ್ತದೆ. ಅದೇ ಹೊಲ, ಅದೇ ಬೀಜ, ಅದೇ ಗೊಬ್ಬರ; ಆದರೂ ಎರಡು ದರ್ಜೆಗಳ ಅಂತರವನ್ನು ಮೂರು ವಾರದ ನೀರು ತಂದಿಡುತ್ತದೆ. 1987ರ ಸೆಣಬು ಪ್ಯಾಕಿಂಗ್ ಕಡ್ಡಾಯ ಬಳಕೆ ಕಾಯ್ದೆಯನ್ವಯ 2023-24ರ ಸೆಣಬು ವರ್ಷದಲ್ಲಿ ಆಹಾರಧಾನ್ಯದ ಪೂರ್ಣ ಭಾಗವನ್ನೂ ಸಕ್ಕರೆಯ ಶೇ. 20ನ್ನೂ ಗೋಣಿಯಲ್ಲಿಯೇ ತುಂಬಬೇಕೆಂದು ನಿಗದಿಪಡಿಸಲಾಗಿತ್ತು. ಅಷ್ಟು ದೊಡ್ಡ ಬೇಡಿಕೆಯ ಸರಕಿನ ಗುಣಮಟ್ಟ ಹಳ್ಳಿಯ ಹೊಂಡದಲ್ಲಿ ನಿಶ್ಚಯವಾಗುತ್ತಿರುವುದು ಸಣ್ಣ ಸಂಗತಿಯಲ್ಲ.

ಸೆಲ್ಯುಲೋಸ್ ತಿನ್ನಲಾರದ ಬ್ಯಾಕ್ಟೀರಿಯ

ಕೋಲ್ಕತ್ತದ ಬಳಿಯ ಬ್ಯಾರಕ್‌ಪುರದಲ್ಲಿರುವ ಸೆಣಬು ಮತ್ತು ಸಂಬಂಧಿತ ನಾರುಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಈ ಸಮಸ್ಯೆಗೆ ಹುಡುಕಿದ ಉತ್ತರ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಸಂಸ್ಥೆಯ ವಿಜ್ಞಾನಿಗಳು ಬ್ಯಾಸಿಲಸ್ ಪ್ಯುಮಿಲಸ್ ಎಂಬ ಬ್ಯಾಕ್ಟೀರಿಯದ ಮೂರು ತಳಿಗಳನ್ನು ಆರಿಸಿದರು. ಆಯ್ಕೆಗೆ ಇಟ್ಟ ಷರತ್ತು ಎರಡು ಮುಖದ್ದು. ಪೆಕ್ಟಿನ್ ಮತ್ತು ಕ್ಸೈಲನ್‌ಗಳನ್ನು ಚುರುಕಾಗಿ ಕತ್ತರಿಸಬೇಕು. ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ಇರಕೂಡದು. ಟಾಲ್ಕ್ ಪುಡಿಯಲ್ಲಿ ಬೆರೆಸಿದ ಈ ಮಿಶ್ರಣ 'ಕ್ರೈಜಾಫ್ ಸೋನಾ' ಎಂಬ ಹೆಸರಿನಿಂದ ರೈತರಿಗೆ ದೊರೆಯಿತು. ಜವಳಿ ಸಚಿವಾಲಯದ ಆಶ್ರಯದಲ್ಲಿ 2015ರಲ್ಲಿ ಆರಂಭವಾದ 'ಜೂಟ್ ಐಕೇರ್' ಕಾರ್ಯಕ್ರಮ ಅದನ್ನು ಹಳ್ಳಿಗಳಿಗೆ ಒಯ್ದಿತು. ಕೊಳೆಯುವ ಅವಧಿ ಆರರಿಂದ ಎಂಟು ದಿನ ಕಡಿಮೆಯಾಗುತ್ತದೆ, ನಾರಿನ ಪ್ರಮಾಣ ಶೇ. 8ರಿಂದ 10ರಷ್ಟು ಹೆಚ್ಚುತ್ತದೆ, ದರ್ಜೆ ಒಂದೆರಡು ಮೆಟ್ಟಿಲು ಏರುತ್ತದೆ ಎಂಬುದು ಸಂಸ್ಥೆಯ ಹೇಳಿಕೆ. ಬೇಕಾದ ಬ್ಯಾಕ್ಟೀರಿಯಗಳು ಮೊದಲ ದಿನದಿಂದಲೇ ಬಹುಸಂಖ್ಯೆಯಲ್ಲಿದ್ದರೆ ಬೇಡದವುಗಳಿಗೆ ತಲೆಯೆತ್ತಲು ಅವಕಾಶ ಕಡಿಮೆ ಎಂಬುದು ಇದರ ಹಿಂದಿನ ತರ್ಕ. ಹಾಲಿಗೆ ಒಳ್ಳೆಯ ಹೆಪ್ಪು ಹಾಕುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಬ್ಯಾಸಿಲಸ್ಸನ್ನೇ ಆರಿಸಿದ್ದರಲ್ಲಿ ವ್ಯಾಪಾರದ ಅನುಕೂಲವೂ ಇದೆ. ಈ ವರ್ಗದ ಬ್ಯಾಕ್ಟೀರಿಯಗಳು ಪರಿಸ್ಥಿತಿ ಪ್ರತಿಕೂಲವಾದಾಗ ಗಟ್ಟಿ ಕವಚದ ಬೀಜಕಗಳಾಗಿ ಮಾರ್ಪಟ್ಟು ನಿದ್ರೆಗೆ ಜಾರಬಲ್ಲವು. ಆದ್ದರಿಂದ ಒಣಪುಡಿಯಲ್ಲಿ ತಿಂಗಳುಗಟ್ಟಲೆ ಉಳಿದು ನೀರಿಗೆ ಬಿದ್ದೊಡನೆ ಎಚ್ಚರಗೊಳ್ಳುತ್ತವೆ. ಬೀಜಕವಾಗದ ಬ್ಯಾಕ್ಟೀರಿಯಗಳ ಪೊಟ್ಟಣಗಳಿಗೆ ಈ ಸೌಲಭ್ಯವಿಲ್ಲ. ತಗಡಿನ ಮಾಡಿನ ಗೋದಾಮಿನಲ್ಲಿ ಒಂದು ಬೇಸಿಗೆ ಕಳೆದರೆ ಅವುಗಳಲ್ಲಿ ಉಳಿಯುವುದು ಬಹುತೇಕ ಪುಡಿ ಮಾತ್ರ.

ಕರ್ನಾಟಕದಲ್ಲಿ ಸೆಣಬಿನ ಕೃಷಿ ಹೇಳಿಕೊಳ್ಳುವಷ್ಟಿಲ್ಲ. ಆದರೆ ಕೊಳೆಹಾಕುವ ವಿದ್ಯೆ ಹೊಸದೇನಲ್ಲ. ಉತ್ತರ ಕರ್ನಾಟಕದ ಹೊಲಗಳ ಅಂಚಿನಲ್ಲಿ ಬೆಳೆಯುತ್ತಿದ್ದ ಪುಂಡಿಯ ಕಾಂಡವನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ ತೆಗೆದ ನಾರಿನಿಂದ ರೈತರು ಎತ್ತಿನ ಹಗ್ಗ, ಮಿಣಿಗಳನ್ನು ಹೊಸೆದುಕೊಳ್ಳುತ್ತಿದ್ದರು. ಬೇಲಿಯ ಕತ್ತಾಳೆಯ ಎಲೆಗೂ ಅದೇ ವಿಧಾನ. ಪುಂಡಿ, ಕತ್ತಾಳೆ, ಬಾಳೆಯ ನಾರುಗಳಿಂದ ಚೀಲ, ಚಾಪೆ, ಅಲಂಕಾರಿಕ ವಸ್ತು ತಯಾರಿಸಲು ಮುಂದಾಗುವ ಸಣ್ಣ ಘಟಕಗಳಿಗೆ ಮೇಲಿನ ಮಾತುಗಳೆಲ್ಲ ನೇರವಾಗಿ ಅನ್ವಯಿಸುತ್ತವೆ.

ತೆಂಗಿನ ಸಿಪ್ಪೆ: ಬ್ಯಾಕ್ಟೀರಿಯಗಳು ಸೋಲುವ ಕಡೆ

ತಿಪಟೂರು, ಅರಸೀಕೆರೆ, ಗುಬ್ಬಿಗಳ ಸುತ್ತಮುತ್ತ ನಾರಿನ ಘಟಕ ನಡೆಸುವವರು ಸೆಣಬಿನ ಪಾಠವನ್ನು ಹಾಗೆಯೇ ತಮ್ಮ ಉದ್ಯಮಕ್ಕೆ ತಂದುಕೊಂಡರೆ ಮೋಸಹೋಗುವ ಸಂಭವವಿದೆ. ಕೇರಳದ ಹಿನ್ನೀರಿನಲ್ಲಿ ಹಸಿರು ತೆಂಗಿನಕಾಯಿಯ ಸಿಪ್ಪೆಯನ್ನು ಆರರಿಂದ ಹತ್ತು ತಿಂಗಳು ಕೊಳೆಹಾಕಿ, ಕೊಡತಿಯಿಂದ ಬಡಿದು ಬಿಳಿ ನಾರು ತೆಗೆಯುವ ಪದ್ಧತಿ ಹಳೆಯದು. ಬಡಿಯುವ ಕೆಲಸ ಹೆಂಗಸರದು. ಸೆಣಬಿಗೆ ಮೂರು ವಾರ ಸಾಕಾದರೆ ಇಲ್ಲಿ ತಿಂಗಳುಗಳು ಬೇಕಾಗುವುದೇಕೆ? ಸಿಪ್ಪೆಯಲ್ಲಿ ಅಡಗಿರುವ ಒಗರು ಪದಾರ್ಥಗಳು, ಅಂದರೆ ಪಾಲಿಫಿನಾಲ್‌ಗಳು, ಬ್ಯಾಕ್ಟೀರಿಯಗಳ ಬೆಳವಣಿಗೆಗೆ ತಡೆಯೊಡ್ಡುತ್ತವೆ. ಅವು ತೊಳೆದುಹೋಗುವವರೆಗೆ ಕೆಲಸ ಕುಂಟುತ್ತದೆ. ಹಾಗೆ ತೊಳೆದುಹೋದದ್ದೆಲ್ಲ ಹಿನ್ನೀರಿಗೇ ಸೇರುತ್ತದೆ. ಕೊಳೆಹೊಂಡಗಳ ನೀರಿನಲ್ಲಿ ಆಮ್ಲಜನಕ ಬರಿದಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿ, ಮೀನು ಸಿಗಡಿಗಳು ಕ್ಷೀಣಿಸುತ್ತವೆ. ಕಾಯರ್ ಮಂಡಳಿಯ ಸಂಶೋಧನಾ ಸಂಸ್ಥೆ 'ಕಾಯರ್‌ರೆಟ್' ಎಂಬ ಬ್ಯಾಕ್ಟೀರಿಯ ಮಿಶ್ರಣವನ್ನು ರೂಪಿಸಿದ್ದು ಈ ಅವಧಿಯನ್ನು ತಗ್ಗಿಸಲೆಂದೇ.

ಕರ್ನಾಟಕದ ಚಿತ್ರ ಬೇರೆ. ಇಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಒಣಗಿಸುತ್ತಾರೆ. ಸುಲಿದ ಸಿಪ್ಪೆ ಒಣಗಿದ್ದು. ಅದನ್ನು ನೀರಿನಲ್ಲಿ ನೆನೆಸಿ ಮೆದು ಮಾಡಿ ಯಂತ್ರಕ್ಕೆ ಕೊಡುತ್ತಾರೆ; ನಾರು ಬಿಡಿಸುವುದು ಬ್ಯಾಕ್ಟೀರಿಯವಲ್ಲ, ಯಂತ್ರದ ಹಲ್ಲು. ಹೀಗೆ ದೊರೆಯುವ ಕಂದು ನಾರಿನ ಘಟಕಕ್ಕೆ ದುಬಾರಿ ಬ್ಯಾಕ್ಟೀರಿಯ ಪುಡಿಯಿಂದ ಆಗುವ ಲಾಭ ಬಹಳ ಸಂಶಯಾಸ್ಪದ. ನೆನೆಯುವ ಅವಧಿಯೇ ಚಿಕ್ಕದು. ಅಷ್ಟರಲ್ಲಿ ಪುಡಿ ತನ್ನ ಕೆಲಸ ಆರಂಭಿಸಿದರೆ ಹೆಚ್ಚು.

ಘಟಕದ ಹಿಂಬದಿಯಲ್ಲಿ ಬೆಟ್ಟದಂತೆ ಬೆಳೆಯುವ ನಾರಿನ ಪುಡಿಯ ವಿಷಯದಲ್ಲಿ ಬ್ಯಾಕ್ಟೀರಿಯಗಳ ಮಿತಿ ಇನ್ನೂ ಸ್ಪಷ್ಟ. ಸಿಪ್ಪೆಯ ತೂಕದಲ್ಲಿ ಮೂರನೆಯ ಎರಡು ಭಾಗದಷ್ಟು ಈ ಪುಡಿಯೇ. ಅದರಲ್ಲಿ ಲಿಗ್ನಿನ್ ಹೆಚ್ಚು, ಸಾರಜನಕ ತೀರ ಕಡಿಮೆ. ಇಂಗಾಲ ಮತ್ತು ಸಾರಜನಕದ ಅನುಪಾತ 112ಕ್ಕೆ 1ರಷ್ಟು. ಸಾರಜನಕವಿಲ್ಲದೆ ಯಾವ ಸೂಕ್ಷ್ಮಜೀವಿಯೂ ಮೈ ಬೆಳೆಸಿಕೊಳ್ಳಲಾರದು. ಲಿಗ್ನಿನ್ನನ್ನು ಸಮರ್ಥವಾಗಿ ಒಡೆಯುವ ಕೆಲಸದಲ್ಲಿ ಅಣಬೆಯ ಜಾತಿಯ ಬಿಳಿ ಶಿಲೀಂಧ್ರಗಳಿಗೆ ಬ್ಯಾಕ್ಟೀರಿಯಗಳು ಸಾಟಿಯಲ್ಲ. ಅದಕ್ಕಾಗಿಯೇ ಕಾಯರ್ ಮಂಡಳಿ ನೀಡುವ 'ಪಿತ್‌ಪ್ಲಸ್' ಎಂಬುದು ಬ್ಯಾಕ್ಟೀರಿಯವಲ್ಲ, ಪ್ಲೂರೋಟಸ್ ಅಣಬೆಯ ಬೀಜ. ಒಂದು ಟನ್ ಪುಡಿಗೆ ಎರಡು ಕಿಲೋ ಪಿತ್‌ಪ್ಲಸ್, ಐದು ಕಿಲೋ ಯೂರಿಯಾ ಪದರಪದರವಾಗಿ ಹಾಕಿ ತೇವ ಕಾಪಾಡಿದರೆ ಸುಮಾರು ಒಂದು ತಿಂಗಳಿನಲ್ಲಿ ಗೊಬ್ಬರವಾಗುತ್ತದೆ. ಅನುಪಾತ 24ಕ್ಕೆ 1ರ ಮಟ್ಟಕ್ಕೆ ಇಳಿಯುತ್ತದೆ. ಹುಲ್ಲು ಕೂಳೆಗಳಿಗೆಂದು ಪ್ರಚಾರ ಪಡೆದ 'ಪೂಸಾ ಡಿಕಂಪೋಸರ್' ಕೂಡ ಶಿಲೀಂಧ್ರಗಳ ಮಿಶ್ರಣವೇ. ಮಾರುಕಟ್ಟೆಯ ಮಾತಿನಲ್ಲಿ ಎಲ್ಲವೂ 'ಬ್ಯಾಕ್ಟೀರಿಯ' ಆಗಿಬಿಡುವುದರಿಂದ ಈ ವ್ಯತ್ಯಾಸ ಮರೆಯಾಗಿದೆ.

ಇದೇ ಪುಡಿಯನ್ನು ಇಟ್ಟಿಗೆಯಾಗಿ ಒತ್ತಿ ಕೋಕೋಪೀಟ್ ಎಂದು ರಫ್ತು ಮಾಡುವವರಿಗೆ ಮಾತ್ರ ಬ್ಯಾಕ್ಟೀರಿಯಗಳ ಸೋಲೇ ಬಂಡವಾಳ. ಹಸಿರುಮನೆಯ ಕುಂಡದಲ್ಲಿ ಅದು ಬೇಗ ಕೊಳೆತು ಕುಸಿಯದೆ ಹಂಗಾಮಿನ ಮೇಲೆ ಹಂಗಾಮು ಆಕಾರ ಉಳಿಸಿಕೊಳ್ಳುತ್ತದೆಂಬ ಕಾರಣಕ್ಕೇ ಹೊರದೇಶದವರು ಅದನ್ನು ಕೊಳ್ಳುತ್ತಾರೆ.

ಬಟ್ಟೆಯ ಉದ್ಯಮದಲ್ಲಿ ಅದೇ ಪಾಠ

ಜೀವಂತ ಬ್ಯಾಕ್ಟೀರಿಯವನ್ನು ಬಿಟ್ಟು ಅದರ ಕಿಣ್ವವನ್ನಷ್ಟೇ ಬಳಸುವ ಉದ್ಯಮಗಳೂ ಇವೆ. ಹತ್ತಿಯ ನೂಲು ಬಣ್ಣ ಹೀರಬೇಕಾದರೆ ಅದರ ಹೊರಮೈಯ ಮೇಣವೂ ಪೆಕ್ಟಿನ್ನೂ ಹೋಗಬೇಕು. ಇದಕ್ಕೆ ಕಾಸ್ಟಿಕ್ ಸೋಡಾ ಹಾಕಿ ಕುದಿಸುವುದು ರೂಢಿ. ಬ್ಯಾಸಿಲಸ್ ಮೂಲದ ಕ್ಷಾರೀಯ ಪೆಕ್ಟಿನೇಸ್ ಬಳಸಿದರೆ ಕುದಿಸುವ ಅಗತ್ಯವಿಲ್ಲ, 55ರಿಂದ 60 ಡಿಗ್ರಿಯಲ್ಲಿಯೇ ಕೆಲಸವಾಗುತ್ತದೆ. ಇಲ್ಲಿಯೂ ಅಂಟು ಹೋಗುತ್ತದೆ, ಸೆಲ್ಯುಲೋಸ್ ಉಳಿಯುತ್ತದೆ.

ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳವರಿಗೆ ಪರಿಚಿತವಾದ ಕಿಣ್ವದ ವಾಷ್ ಇದಕ್ಕೆ ತದ್ವಿರುದ್ಧ. ಅಲ್ಲಿ ಬಳಸುವುದು ಬಹುಮಟ್ಟಿಗೆ ಶಿಲೀಂಧ್ರಗಳಿಂದ ತೆಗೆದ ಸೆಲ್ಯುಲೇಸ್. ಬಟ್ಟೆಯ ಮೇಲ್ಮೈಯ ಸೆಲ್ಯುಲೋಸನ್ನು ಕೊಂಚ ಕೊಂಚವಾಗಿ ಕೆರೆದು ನೀಲಿ ಬಣ್ಣವನ್ನು ಬಿಡಿಸುವುದೇ ಅದರ ಕೆಲಸ. ಸಮಯ ಮೀರಿದರೆ ಮೇಲ್ಮೈಯನ್ನು ದಾಟಿ ಎಳೆಯೇ ಸವೆಯುತ್ತದೆ. ಮಂಡಿಯ ಬಳಿ ಬೇಗ ಹರಿಯುವ ಪ್ಯಾಂಟಿನ ದೂರು ಅಂಗಡಿಯವರಿಗೆ ಬರುತ್ತದೆ. ಆದರೆ ಯಂತ್ರದ ಡ್ರಮ್ಮಿನಲ್ಲಿ ಕೆಲಸ ನಿಲ್ಲಿಸುವುದು ಸುಲಭ. ಸೋಡಾ ಹಾಕಿ ನೀರಿನ ಉಷ್ಣತೆಯನ್ನು 80 ಡಿಗ್ರಿಗೆ ಏರಿಸಿದರೆ ಕಿಣ್ವ ಕೆಟ್ಟು ಸುಮ್ಮನಾಗುತ್ತದೆ. ಹಳ್ಳಿಯ ಹೊಂಡಕ್ಕೆ ಅಂಥ ಗುಂಡಿಯಿಲ್ಲ. ಕಟ್ಟನ್ನು ಎತ್ತಿ, ಬಿಡಿಸಿ, ಶುದ್ಧ ನೀರಿನಲ್ಲಿ ತೊಳೆದು ಒಣಗಿಸುವುದೊಂದೇ ಅಲ್ಲಿನ ಉಪಾಯ.

ಪೊಟ್ಟಣ ಕೊಳ್ಳುವ ಮುನ್ನ

ಬ್ಯಾಕ್ಟೀರಿಯ ಪುಡಿಯನ್ನು ಕೊಳ್ಳುವ ಇಲ್ಲವೇ ಮಾರಾಟಕ್ಕೆ ಇಡುವ ವರ್ತಕರು ಮೊದಲು ಕೇಳಬೇಕಾದುದು ಒಳಗಿರುವ ಜೀವಿಯ ಹೆಸರು. ಹೆಸರೇ ಇಲ್ಲದೆ 'ಉಪಯುಕ್ತ ಸೂಕ್ಷ್ಮಾಣುಗಳ ಮಿಶ್ರಣ' ಎಂದಷ್ಟೇ ಅಚ್ಚಾಗಿರುವ ಪೊಟ್ಟಣವನ್ನು ನಾರಿನ ಕೆಲಸಕ್ಕೆ ಬಳಸಕೂಡದು. ಕಾಂಪೋಸ್ಟಿಗೆಂದು ಆರಿಸಿದ ಸೆಲ್ಯುಲೋಸ್‌ಭಕ್ಷಕ ತಳಿಗಳು ಅದರಲ್ಲಿದ್ದರೆ ನಾರೇ ಹೋಗುತ್ತದೆ. ಎರಡನೆಯದು ಜೀವಂತ ಕಣಗಳ ಎಣಿಕೆ. ರೈಜೋಬಿಯಂ, ಅಜಟೋಬ್ಯಾಕ್ಟರ್ ಮುಂತಾದ ಜೈವಿಕ ಗೊಬ್ಬರಗಳಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಪುಡಿಯ ಪ್ರತಿ ಗ್ರಾಮಿಗೆ ಕನಿಷ್ಠ ಐದು ಕೋಟಿ, ದ್ರವದ ಪ್ರತಿ ಮಿಲಿಲೀಟರಿಗೆ ಕನಿಷ್ಠ ಹತ್ತು ಕೋಟಿ ಜೀವಕಣಗಳಿರಬೇಕೆಂದು ವಿಧಿಸಿದೆ. ನಾರಿನ ಪುಡಿಗೆ ಈ ವಿಧಿ ಅನ್ವಯಿಸದಿದ್ದರೂ ಎಣಿಕೆಯನ್ನು ನಮೂದಿಸಲು ಹಿಂಜರಿಯುವ ತಯಾರಕರನ್ನು ಅಳೆಯಲು ಇದು ಒಳ್ಳೆಯ ಅಳತೆಗೋಲು. ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ನೋಡಬೇಕೆಂಬುದನ್ನು, ಬಿಸಿಲಿಗೆ ಒಡ್ಡಿದ ದಾಸ್ತಾನನ್ನು ನಿರಾಕರಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೂ ನಂಬಿಕೆಯನ್ನು ಪೊಟ್ಟಣದ ಮೇಲಿಡುವುದಕ್ಕಿಂತ ಒಂದು ಸಣ್ಣ ಪರೀಕ್ಷೆಯ ಮೇಲಿಡುವುದು ಕ್ಷೇಮ. ಒಂದೇ ದಿನ ಕೊಯ್ದ ನೂರು ಕಿಲೋ ಕಾಂಡವನ್ನು ಎರಡು ಪಾಲು ಮಾಡಿ, ಒಂದೇ ಮೂಲದ ನೀರು ತುಂಬಿದ ಎರಡು ತೊಟ್ಟಿಗಳಲ್ಲಿ ಮುಳುಗಿಸಬೇಕು. ಒಂದಕ್ಕೆ ಪುಡಿ, ಇನ್ನೊಂದಕ್ಕೆ ಏನೂ ಇಲ್ಲ. ಎಂಟನೆಯ ದಿನದಿಂದ ನಿತ್ಯ ಒಂದೊಂದು ಕಾಂಡ ಎಳೆದು ನಾರು ಜಾರಿದ ದಿನವನ್ನು ಬರೆದಿಡಬೇಕು. ಒಣಗಿಸಿದ ನಾರನ್ನು ತೂಗಿ, ಎರಡರ ಮಾದರಿಯನ್ನೂ ನಾರಿನ ಬಲ ಅಳೆಯುವ ಪ್ರಯೋಗಾಲಯಕ್ಕೆ ಕಳುಹಿಸಬೇಕು. ತೆಂಗಿನ ನಾರಿನವರಿಗೆ ಬೆಂಗಳೂರಿನ ಪೀಣ್ಯದಲ್ಲಿ ಕಾಯರ್ ಮಂಡಳಿಯ ತಂತ್ರಜ್ಞಾನ ಸಂಸ್ಥೆಯಿದೆ. ಉಳಿದ ದಿನಗಳು, ಹೆಚ್ಚಿದ ತೂಕ, ಏರಿದ ದರ್ಜೆ ಇವುಗಳ ಬೆಲೆ ಪುಡಿಯ ಖರ್ಚನ್ನು ಮೀರಿದರೆ ಕೊಳ್ಳಬಹುದು. ಮೀರದಿದ್ದರೆ ಹಿಂದಿನ ಸಲ ಚೆನ್ನಾಗಿ ಹದ ಬಂದ ತೊಟ್ಟಿಯ ನಾಲ್ಕು ಬಕೆಟ್ ನೀರನ್ನು ಹೆಪ್ಪಾಗಿ ಸುರಿದರೂ ಬಹಳಷ್ಟು ಕೆಲಸ ನಡೆಯುತ್ತದೆ. ಹೊಸ ನೀರಿನ ಪ್ರಮಾಣ ಮಾತ್ರ ಯಥೇಚ್ಛವಾಗಿರಬೇಕು, ಒಂದು ಭಾಗ ಗಿಡಕ್ಕೆ ಇಪ್ಪತ್ತು ಭಾಗ ನೀರು.